ಸರ್ದಾರರ ಹುಡುಗನ ಪುಟ

ಲಿನೋದಲ್ಲಿ ಕೂದಲು ಕೆತ್ತುವುದು ಕಷ್ಟ, ಬೋಳಿಸುವುದು ಸುಲಭ. ಲಿನೋ ಅಂದರೆ ನೆಲಕ್ಕೆ ಹಾಸುವ ದಪ್ಪ ಹಾಳೆ. ಅದರ ತುಂಡನ್ನು ಮರದ ಮೇಲೆ ಅಂಟಿಸಿ, ಚಿತ್ರ ಕೆತ್ತಿ, ಅಚ್ಚುಮೊಳೆಗಳ ಪಕ್ಕದಲ್ಲಿ ಕೂರಿಸಿ ಮುದ್ರಿಸುತ್ತಿದ್ದೆವು. ಕೆತ್ತಿ ತೆಗೆದ ಜಾಗ ಕಾಗದದಲ್ಲಿ ಬೆಳ್ಳಗೆ ಉಳಿಯುತ್ತದೆ, ಮುಟ್ಟದೆ ಬಿಟ್ಟ ಜಾಗ ಮಸಿ ಹಿಡಿದು ಕಪ್ಪಗೆ ಬರುತ್ತದೆ. ಹಾಗಾಗಿ ಕಪ್ಪು ಕೂದಲು ಬೇಕಾದರೆ ಹಾಳೆಯನ್ನು ಉಳಿಸಿಕೊಂಡು, ಅದರೊಳಗೆ ಎಳೆಎಳೆಯಾಗಿ ಸಣ್ಣ ಗೆರೆ ಎಳೆಯಬೇಕು. ಕೈ ಒಂದಿಷ್ಟು ಜಾರಿದರೂ ಕೆಟ್ಟಿತು. ಬೋಳು ತಲೆ ಬೇಕಾದರೆ ಕೆರೆದು ಹಾಕಿದರಾಯಿತು. ಒಮ್ಮೆ ಕೆರೆದದ್ದನ್ನು ಮತ್ತೆ ತುಂಬಲು ಬರುವುದಿಲ್ಲ.

೧೯೮೪ರಲ್ಲಿ, ಮಧುಗಿರಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ, ಚಿತ್ರ ಕೆತ್ತುವ ಕೆಲಸದಲ್ಲಿದ್ದಾಗ, ಒಂದು ಮಗುವಿನ ಚಿತ್ರಕ್ಕೆ ನಾನು ಹಾಗೆ ಮಾಡಿದೆ. ಓದಿದ್ದು ಐದನೇ ಕ್ಲಾಸು. ಇನ್ನೊಬ್ಬರು ಬರೆದದ್ದನ್ನು ಜೋಡಿಸಿ ಅಭ್ಯಾಸವೇ ಹೊರತು ನಾನಾಗಿ ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೇ ಇಡುತ್ತೇನೆ.

ನನ್ನ ಅಕ್ಕ ಆಗ ಶಿರಾದಲ್ಲಿ ಬಾಲವಾಡಿ ಟೀಚರು. ಒಂದು ಮಹಿಳಾ ಸಂಘದವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳಲ್ಲಿ ಬಾಲವಾಡಿ ನಡೆಸುತ್ತಿದ್ದರು. ಅಕ್ಕನ ಬಾಲವಾಡಿ ಇದ್ದದ್ದು ಹೆದ್ದಾರಿಯ ಹತ್ತಿರ. ಅಲ್ಲೇ ಲಾರಿಗಳ ಕಮಾನುಪಟ್ಟಿ ಕಟ್ಟುವ ಒಂದು ವರ್ಕ್‌ಷಾಪಿತ್ತು. ಅದನ್ನು ನಡೆಸುತ್ತಿದ್ದವರು ಪಂಜಾಬಿನ ಕಡೆಯಿಂದ ಬಂದ ಒಬ್ಬ ಸರ್ದಾರರು. ಅವರ ಐದು ವರ್ಷದ ಮಗ ಅಕ್ಕನ ಹತ್ತಿರ ಬರುತ್ತಿದ್ದ. ನೆತ್ತಿಯ ಮೇಲೆ ಕೂದಲನ್ನು ಗಂಟು ಕಟ್ಟಿ, ಅದರ ಮೇಲೊಂದು ಸಣ್ಣ ಬಟ್ಟೆ ಕಟ್ಟಿ ಕಳಿಸುತ್ತಿದ್ದರು.

ನಮ್ಮ ಕಡೆ ಗಂಡು ಮಗುವಿನ ತಲೆಯಲ್ಲಿ ಅಷ್ಟು ಕೂದಲು ಕಂಡರೆ ಎಲ್ಲರಿಗೂ ಬರುವ ಯೋಚನೆ ಒಂದೇ, ಮುಡಿ. ಮನೆದೇವರಿಗೆ ಹರಕೆ ಇದೆ, ಇನ್ನೂ ತೆಗೆಸಿಲ್ಲ. ಮಕ್ಕಳನ್ನು ಬಿಡಲು ಬರುವ ತಾಯಂದಿರು ಆ ಹುಡುಗನ ಅಮ್ಮನನ್ನು ದಿನಾ ಕೇಳುತ್ತಿದ್ದರಂತೆ. "ಐದು ವರ್ಸ ಆದ್ರೂ ಇನ್ನೂ ಮುಡಿ ಕೊಟ್ಟಿಲ್ವೇನಮ್ಮ? ಯಾವ ದೇವ್ರು ನಿಮ್ದು? ಬಾಕಿ ಇಟ್ಕಬಾರ್ದು ಕಣಮ್ಮ, ಕೂಸಿಗೆ ಒಳ್ಳೇದಲ್ಲ." ಆಕೆಗೆ ಕನ್ನಡ ಬಾರದು, ನಗುತ್ತಿದ್ದಳು. ಕನ್ನಡ ಕಲಿತಿದ್ದವನು ಹುಡುಗ. ಅವನಿಗೆ ಎಲ್ಲ ಅರ್ಥವಾಗುತ್ತಿತ್ತು. ಉಳಿದ ಮಕ್ಕಳು ಗಂಟನ್ನು ಮುಟ್ಟುವುದು, ಎಳೆಯುವುದು, ಒಳಗೆ ಬೆಲ್ಲ ಬಚ್ಚಿಟ್ಟಿದ್ದೀಯ ಅನ್ನುವುದು. ಒಂದು ದಿನ ಅವನು, ನನಗೂ ಎಲ್ಲರ ಹಾಗೆ ಕ್ರಾಪು ಮಾಡಿಸು ಅಂತ ಮನೆಯಲ್ಲಿ ಅತ್ತನಂತೆ. ಅವರಮ್ಮ ಬಾಲವಾಡಿಗೆ ಕಳಿಸುವುದನ್ನು ನಿಲ್ಲಿಸಿದಳು.

ಅಕ್ಕ ಮನೆಗೆ ಹೋಗಿ ಮಾತಾಡಿ ಕರೆತಂದಳು. ಶಿರಾದಲ್ಲಿದ್ದು ಅವಳಿಗೆ ಉರ್ದು ನಾಲಿಗೆಗೆ ಹತ್ತಿತ್ತು. ಆಮೇಲೆ ಒಂದು ಪುಸ್ತಕ ಮಾಡಬೇಕು ಅಂತ ಕೂತಳು. ಹದಿನಾರು ಪುಟ, ಹಾಳೆಯ ಒಂದೇ ಮಗ್ಗುಲಿಗೆ ಅಚ್ಚು, ಹೆಸರು ‘ತಲೆ ಮೇಲೆ ಏನಿದೆ?’ ಪುಟಕ್ಕೊಂದು ತಲೆ. ಕುರಿ ಕಾಯುವವನ ತಲೆ ಮೇಲೆ ಕಂಬಳಿಕೊಪ್ಪೆ. ನೀರು ತರುವವಳ ತಲೆ ಮೇಲೆ ಸಿಂಬೆ, ಸಿಂಬೆ ಮೇಲೆ ಬಿಂದಿಗೆ. ಮಸೀದಿಗೆ ಹೊರಟ ತಾತನ ತಲೆ ಮೇಲೆ ಟೋಪಿ. ಮದುಮಗನಿಗೆ ಬಾಸಿಂಗ. ಕೊನೆಯ ಮೂರು ಪುಟ ಸರ್ದಾರರ ಮನೆಯದು. ಒಂದರಲ್ಲಿ ಪಗಡಿ ಸುತ್ತಿದ ಅಪ್ಪ. ಇನ್ನೊಂದರಲ್ಲಿ ಹುಡುಗನ ತಲೆ ಬಾಚುವ ಅಮ್ಮ. ಕೊನೆಯದರಲ್ಲಿ ಎಲ್ಲ ಮಕ್ಕಳ ನಡುವೆ ಗಂಟು ಕಟ್ಟಿಕೊಂಡು ಕೂತ ಹುಡುಗ: ‘ನನ್ನ ತಲೆ ಮೇಲೆ ಏನಿದೆ? ನನ್ನ ಉದ್ದ ಕೂದಲು.’

ಹುಡುಗನ ಅಮ್ಮ ಒಪ್ಪಿದ್ದು ಒಂದೇ ಮಾತಿನ ಮೇಲೆ. "ಬಾಲೋಂ ಕೋ ಹಾಥ್ ಮತ್ ಲಗಾನಾ" ಅಂದಿದ್ದಳು, ಕೂದಲನ್ನು ಮಾತ್ರ ಮುಟ್ಟಬೇಡಿ. ಅಕ್ಕ ಮಾತು ಕೊಟ್ಟಳು. ನನಗೂ ಎರಡು ಸಲ ಹೇಳಿದಳು.

ಅಕ್ಕ ಪೆನ್ಸಿಲಿನಲ್ಲಿ ಬರೆದುಕೊಟ್ಟದ್ದನ್ನು ಕೆತ್ತುವುದು ನನ್ನ ಕೆಲಸ. ಉಳಿ ಕೊಳ್ಳುವಂಥ ಅನುಕೂಲ ನಮ್ಮ ಪ್ರೆಸ್ಸಿಗೆ ಇರಲಿಲ್ಲ. ಹಳೇ ಛತ್ರಿಯ ಕಡ್ಡಿಯಲ್ಲಿ ಉದ್ದಕ್ಕೂ ಒಂದು ಕಾಲುವೆಯಂಥ ಮಡಿಕೆ ಇರುತ್ತದಲ್ಲ, ಅದರ ತುದಿ ಮಸೆದು ಮರದ ಹಿಡಿ ಹಾಕಿಕೊಂಡಿದ್ದೆ. ಲಿನೋ ತುಂಡನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿಕೊಂಡು ಕೆತ್ತಬೇಕು.

ಅಪ್ಪನ ಪುಟವನ್ನು ಮೂರು ಸಲ ಕೆಡಿಸಿದೆ. ಅಕ್ಕನ ಗೆರೆ ಇದ್ದರೂ ನನ್ನ ಕೈಗೆ ಗೊತ್ತಿದ್ದದ್ದು ಮದುವೆ ಕಾಗದದ ಪೇಟ, ಜರಿ ಅಂಚು, ಹಿಂದೆ ಬಾಲ. ಮೊದಲನೇ ಪ್ರೂಫ್ ನೋಡಿ ಅಕ್ಕ, "ಇದೇನ್ಲಾ, ಬ್ಯಾಂಡ್‌ಸೆಟ್ ಮೇಷ್ಟ್ರನ್ನ ತಂದು ನಿಲ್ಸಿದ್ದೀಯ? ಕೈಗೊಂದು ಪೀಪಿ ಕೊಟ್ಬುಡು, ಊದ್ಲಿ" ಅಂದಳು. ಒಂದು ಭಾನುವಾರ ಶಿರಾಕ್ಕೆ ಕರೆದುಕೊಂಡು ಹೋಗಿ ಸರ್ದಾರರ ಮುಂದೆ ಕೂರಿಸಿದಳು. ಅವರು ನಮಗಾಗಿ ಪಗಡಿ ಬಿಚ್ಚಿ ಕಟ್ಟಿ ತೋರಿಸಿದರು. ಉದ್ದನೆಯ ತೆಳು ಮಲ್‌ಬಟ್ಟೆ. ಒಂದು ತುದಿಯನ್ನು ಹೆಂಡತಿ ಹಿಡಿದು ದೂರ ನಿಂತಳು, ಇನ್ನೊಂದು ತುದಿ ಅವರ ಕೈಯಲ್ಲಿ. ಇಬ್ಬರೂ ಜಗ್ಗಿ ಮಡಿಸಿದರು. ಆಮೇಲೆ ಒಂದು ಮೂಲೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸುತ್ತತೊಡಗಿದರು, ಒಂದು ಸುತ್ತು ಈ ಕಡೆಯಿಂದ ಏರಿದರೆ ಇನ್ನೊಂದು ಆ ಕಡೆಯಿಂದ. ಹಣೆಯ ಮೇಲೆ ಪದರಗಳು ಮೆಟ್ಟಿಲಿನ ಹಾಗೆ ಕೂತವು. ನಾನು ಒಂದೊಂದು ಪದರ ಎಣಿಸಿ ಗೆರೆ ಹಾಕಿಕೊಂಡೆ.

ಎರಡನೇ ಪ್ರೂಫನ್ನು ಅವರಿಗೇ ತೋರಿಸಿದೆವು. ಕೈಯ ಗ್ರೀಸು ತಾಗದ ಹಾಗೆ ದೂರದಿಂದಲೇ ನೋಡಿ ನಗತೊಡಗಿದರು. "ಉಲ್ಟಾ ಹೈ ಭಾಯ್. ಏ ತೋ ಶೀಶೇ ಕಾ ಸರ್ದಾರ್ ಹೈ." ಇದು ಕನ್ನಡಿ ಒಳಗಿನ ಸರ್ದಾರ ಅಂತ. ಅಚ್ಚಿನಲ್ಲಿ ಎಡ ಬಲ ತಿರುಗುತ್ತದೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಅಕ್ಷರಗಳನ್ನು ದಿನವೂ ಉಲ್ಟಾ ಓದುವವನು ನಾನು. ಆದರೂ ಅವರ ತಲೆ ನೋಡಿ ಮರೆತಿದ್ದೆ. ಮೂರನೇ ಸಲ ಎರಡನೇ ಬಣ್ಣ ಕೈ ಕೊಟ್ಟಿತು. ಕಪ್ಪು ಒಂದು ಸಲ, ಕೆಂಪು ಇನ್ನೊಂದು ಸಲ, ಹಾಳೆ ಎರಡು ಬಾರಿ ಮೆಷಿನ್ನಿಗೆ ಹೋಗಬೇಕು. ಪಗಡಿಯ ಕೆಂಪು ಒಂದು ನೂಲು ಕೆಳಗಿಳಿದು ಹಣೆಗೆ ಹತ್ತಿತು. "ತಲೆ ಒಡೆದಂಗೆ ಕಾಣ್ತದಲ್ಲೋ" ಅಂದಳು ಅಕ್ಕ. ಬ್ಲಾಕಿನ ಪಕ್ಕಕ್ಕೆ ರಟ್ಟಿನ ಚೂರು ತುರುಕಿ ತುರುಕಿ ಸರಿ ಮಾಡಿದೆ.

ಅಮ್ಮನ ಪುಟ ಮಾತ್ರ ಒಂದೇ ಸಲಕ್ಕೆ ಬಂತು. ಹುಡುಗ ಮಣೆಯ ಮೇಲೆ ಕೂತಿದ್ದಾನೆ, ಬಿಚ್ಚಿದ ಕೂದಲು ಸೊಂಟದವರೆಗೆ ಇಳಿದಿದೆ, ಅಮ್ಮನ ಕೈಯಲ್ಲಿ ಮರದ ಬಾಚಣಿಗೆ. ಆ ಕೂದಲಿಗೆ ಎರಡು ದಿನ ಹಿಡಿಯಿತು. ಕೆತ್ತುವಾಗ ಒಂದು ಸಂಗತಿ ಮನಸ್ಸಿನಲ್ಲಿತ್ತು. ನನಗೂ ಅಕ್ಕನಿಗೂ ನಡುವೆ ಒಬ್ಬ ಅಣ್ಣ ಇದ್ದನಂತೆ. ಅವನ ಮುಡಿ ಹರಕೆ ತೀರಿಸುವ ಮೊದಲೇ ಜ್ವರ ಬಂದು ತೀರಿಕೊಂಡ. "ಮುಡಿ ಬಾಕಿ ಉಳಿಸ್ಕೊಂಡು ಹೋಯ್ತು ಕೂಸು" ಅಂತ ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಅಕ್ಕ ಅದನ್ನು ನಂಬುತ್ತಿರಲಿಲ್ಲ, "ಜ್ವರಕ್ಕೆ ಔಸ್ತಿ ಕೊಡಿಸ್ಲಿಲ್ಲ, ಅದುಕ್ಕೋಯ್ತು" ಅನ್ನುತ್ತಿದ್ದಳು. ನಾನು ಅವ್ವನ ಮಾತಿನ ಮೇಲೆ ಬೆಳೆದವನು. ಸರ್ದಾರರ ಹುಡುಗನ ಕೂದಲು ಕೆತ್ತುವಾಗ, ಇದು ಅವರ ಧರ್ಮ ಅಂತ ತಲೆಗೆ ಗೊತ್ತಿದ್ದರೂ, ಇದಿನ್ನೂ ಕೊಡದ ಮುಡಿ ಅಂತ ಕೈಗೆ ಅನ್ನಿಸುತ್ತಿತ್ತು.

ಮಕ್ಕಳ ದಿನಾಚರಣೆಗೆ ನಾಲ್ಕು ತಾಲ್ಲೂಕಿನ ಬಾಲವಾಡಿಗಳಿಗೂ ಹಂಚಬೇಕು ಅಂತ ಸಂಘದ ಕಾರ್ಯದರ್ಶಿಯಮ್ಮ ಹೇಳಿದ್ದರು. ಅಕ್ಟೋಬರ್ ಕೊನೆಗೆ ಹದಿಮೂರು ಪುಟ ಅಚ್ಚಾಗಿ ಮುಗಿದಿತ್ತು. ಸರ್ದಾರರ ಮನೆಯ ಮೂರು ಪುಟದ ಬ್ಲಾಕುಗಳು ಸಿದ್ಧವಾಗಿ ಕಪಾಟಿನಲ್ಲಿದ್ದವು. ಅಕ್ಕ ಟೀಚರ್‌ಗಳ ತರಬೇತಿಗೆ ಅಂತ ಮೂರು ವಾರಕ್ಕೆ ಪಾವಗಡಕ್ಕೆ ಹೋದಳು. ಹೋಗುವಾಗ, "ಮಿಕ್ಕಿದ್ದು ನಿನ್ ಕೈಲದೆ ಕಣ್ಲಾ" ಅಂದಳು.

ಆ ವಾರವೇ ಪ್ರಧಾನಿಯವರನ್ನು ಅವರ ಕಾವಲಿನವರೇ ಗುಂಡಿಟ್ಟು ಕೊಂದ ಸುದ್ದಿ ಬಂತು. ಕೊಂದವರು ಸಿಖ್ಖರು ಅಂತ ರೇಡಿಯೋದಲ್ಲಿ ಹೇಳಿದರು. ಆಮೇಲೆ ದೆಹಲಿಯಲ್ಲಿ ಏನೇನಾಯಿತು ಅಂತ ಎಲ್ಲರಿಗೂ ಗೊತ್ತು. ನಮ್ಮ ಕಡೆ ಯಾರಿಗೂ ಏನೂ ಆಗಲಿಲ್ಲ. ಆದರೂ ಶಿರಾದ ವರ್ಕ್‌ಷಾಪು ನಾಲ್ಕು ದಿನ ಬಾಗಿಲು ಹಾಕಿತ್ತಂತೆ, ಅಕ್ಕಪಕ್ಕದವರೇ ಹಾಲು ತರಕಾರಿ ತಂದುಕೊಟ್ಟರಂತೆ.

ಮುಂದಿನ ವಾರ ಕಾರ್ಯದರ್ಶಿಯಮ್ಮ ಪ್ರೆಸ್ಸಿಗೆ ಬಂದರು. ಒಳ್ಳೆಯ ಹೆಂಗಸು, ಕೆಟ್ಟ ಮಾತು ಆಡಿದವರಲ್ಲ. ಬೆಂಚಿನ ಮೇಲೆ ಕೂತು ಮೂರೂ ಪ್ರೂಫನ್ನು ಮುಂದಿಟ್ಟುಕೊಂಡರು.

"ಈಗ ಇದನ್ನ ಹಂಚಿದ್ರೆ ಯಾರಾದ್ರೂ ಏನಾದ್ರೂ ಅಂದಾರು. ಆ ಮನೆಯವರಿಗೂ ಒಳ್ಳೇದಲ್ಲ. ನಾಲ್ಕು ಜನರ ಕಣ್ಣಿಗೆ ಬೀಳದೆ ಇದ್ದರೇ ವಾಸಿ."

ಪ್ರೆಸ್ಸಿನ ಯಜಮಾನರು, "ಮೂರು ಪುಟ ಖಾಲಿ ಬಿಡೋಕಾಯ್ತದಾ ಅಮ್ಮಾ?" ಅಂದರು. "ಸರ್ದಾರ್ರ ಜಾಗಕ್ಕೆ ಮದುವೆ ಕಾಗ್ದದ ಕಳಸದ ಬ್ಲಾಕದೆ, ಕೂರುಸ್ಬುಡನ. ತಲೆ ಮೇಲೆ ಕಳಸ ಅಂದ್ರಾಯ್ತು."

ಕಾರ್ಯದರ್ಶಿಯಮ್ಮ ಅದಕ್ಕೆ ತಲೆಯಾಡಿಸಿ, ಅಮ್ಮನ ಪುಟವನ್ನು ನೋಡಿದರು. "ಇದಿರಲಿ. ಯಾವ ತಾಯಿ ಬೇಕಾದ್ರೂ ಆಗಬಹುದು." ಕೊನೆಯ ಪುಟವನ್ನು ಬಹಳ ಹೊತ್ತು ನೋಡಿದರು. "ಇದೂ ಅಷ್ಟೇ ಅಲ್ವಾ? ಮುಡಿ ಬಿಟ್ಟ ಮಗು. ಕೊನೆಯಲ್ಲಿ ಮುಡಿ ಕೊಟ್ಟ ಹಾಗೆ ಮಾಡಿದ್ರೆ ಎಲ್ಲಾರಿಗೂ ಅರ್ಥ ಆಗತ್ತೆ. ಏನಪ್ಪಾ, ನಿನ್ನ ಕೈಲಿ ಆಗತ್ತಾ? ಬರೆಯೋದಕ್ಕೆ ನಿಮ್ಮಕ್ಕ ಇಲ್ಲ, ನೀನೇ ಬರೀಬೇಕು. ಅವಳನ್ನ ಮಾತ್ರ ಒಂದು ಮಾತು ಕೇಳಿಬಿಡು."

ನೀನೇ ಬರೀಬೇಕು ಅಂತ ನನಗೆ ಯಾರೂ ಅಂದಿರಲಿಲ್ಲ. ಹದಿನಾರು ಪುಟವೂ ಅಕ್ಕನ ಗೆರೆ, ನಾನು ಅದರ ಮೇಲೆ ನಡೆದವನು ಅಷ್ಟೆ.

"ಕೇಳ್ತೀನಿ ಬುಡಿ ಅಮ್ಮಾ" ಅಂದೆ.

ಪಾವಗಡಕ್ಕೆ ಬೆಳಿಗ್ಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಚೀಟಿ ಕೊಟ್ಟರೆ ಸಾಯಂಕಾಲ ಉತ್ತರ ಬರುತ್ತಿತ್ತು. ಅಕ್ಕ ಶಿರಾದಲ್ಲಿದ್ದಾಗಲೂ ಪ್ರೂಫುಗಳನ್ನು ನಾವು ಹೀಗೇ ಬಸ್ಸಿನಲ್ಲಿ ಕಳಿಸುತ್ತಿದ್ದೆವು. ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ಚೀಟಿ ಜೇಬಿನಲ್ಲಿತ್ತು. ಕಂಡಕ್ಟರು, "ಏನಪ್ಪಾ, ಅಕ್ಕುಂಗೆ ಏನಾರ ಕಳಿಸ್ತೀಯಾ?" ಅಂತ ತಾನೇ ಕೇಳಿದ. ಇಲ್ಲ, ಸುಮ್ಮನೆ ಬಂದೆ ಅಂದೆ. ಕೇಳಿದರೆ ಬೇಡ ಅನ್ನುತ್ತಾಳೆ ಅಂತ ಖಚಿತವಾಗಿ ಗೊತ್ತಿತ್ತು.

ಪ್ರೆಸ್ಸಿಗೆ ಬಂದು ಕೊನೆಯ ಪುಟದ ಬ್ಲಾಕನ್ನು ಬಿಸಿಲಿಗಿಟ್ಟೆ. ಹೊಸ ತುಂಡು ಹಾಕಲಿಲ್ಲ. ಆ ಮುಖ ಅಷ್ಟು ಚೆನ್ನಾಗಿ ಬಂದಿತ್ತು, ಮತ್ತೆ ಹಾಗೆ ಬರುತ್ತದೋ ಇಲ್ಲವೋ. ಗಂಟಿನಿಂದ ಶುರು ಮಾಡಿ ಕಿವಿಯವರೆಗೆ ಕೆರೆದೆ. ಅರ್ಧ ಗಂಟೆ ಹಿಡಿಯಲಿಲ್ಲ. ಲಿನೋದ ಸುರುಳಿಗಳು ಮೇಜಿನ ಮೇಲೆ ಬಿದ್ದವು, ಕೈಯಲ್ಲಿ ಒರಸಿ ನೆಲಕ್ಕೆ ತಳ್ಳಿದೆ. ಪಕ್ಕದ ಖಾಲಿ ಜಾಗಕ್ಕೆ ಒಂದು ತಟ್ಟೆ, ತೆಂಗಿನಕಾಯಿ, ಹಿಂದೆ ಸಣ್ಣ ಗುಡಿಯನ್ನು ಬೇರೆ ಚೂರುಗಳಲ್ಲಿ ಕೆತ್ತಿ ಕೂರಿಸಿದೆ. ಕೆಂಪು ಬ್ಲಾಕಿನಲ್ಲಿ ಬೋಳು ತಲೆಗೆ ಗಂಧ ಬಳಿದ ಹಾಗೆ ಚುಕ್ಕಿ ಹಾಕಿದೆ. ಮಾತನ್ನೂ ನಾನೇ ಜೋಡಿಸಿದೆ: ‘ನನ್ನ ತಲೆ ಮೇಲೆ ಏನಿದೆ? ಏನೂ ಇಲ್ಲ. ದೇವರಿಗೆ ಕೊಟ್ಟೆ.’

ಹದಿನೈದು ತಲೆ ಆದ ಮೇಲೆ ಏನೂ ಇಲ್ಲ ಅಂತ ಬಂದರೆ ನಗು ಬಂದೇ ಬರುತ್ತದೆ. ಮೆಷಿನ್ ತುಳಿಯುವವನು ನಕ್ಕ, ಯಜಮಾನರು ನಕ್ಕರು. ಕಾರ್ಯದರ್ಶಿಯಮ್ಮನೂ ನಕ್ಕು, "ಇಷ್ಟು ದಿನ ನಿನ್ನನ್ನ ಬರೀ ಕೆತ್ತೋನು ಅಂದ್ಕೊಂಡಿದ್ದೆ" ಅಂದರು. ಆಮೇಲೆ, "ಅಕ್ಕನ್ನ ಕೇಳಿದೆ ತಾನೆ?"

"ಕೇಳ್ದೆ ಅಮ್ಮಾ. ಆಗ್ಲಿ ಅಂದ್ಲು."

ಹೆದರಿಕೆಯಿಂದ ಮಾಡಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹುಡುಗನ ಒಳ್ಳೆಯದಕ್ಕೆ ಅಂತಲೂ ಹೇಳಿಕೊಂಡಿದ್ದೇನೆ. ಎರಡೂ ಸ್ವಲ್ಪ ಸ್ವಲ್ಪ ನಿಜ. ಆದರೆ ಆ ದಿನ ಮನೆಗೆ ನಡೆದು ಹೋಗುವಾಗ ನನಗೆ ಭಯವೂ ಇರಲಿಲ್ಲ, ಹುಡುಗನ ನೆನಪೂ ಇರಲಿಲ್ಲ. ಖುಷಿಯಾಗಿದ್ದೆ.

ಪುಸ್ತಕ ಹೊತ್ತಿಗೆ ಸರಿಯಾಗಿ ಹಂಚಿ ಹೋಯಿತು. ಶಿರಾದ ಬಾಲವಾಡಿಯಲ್ಲಿ ಅಕ್ಕ ಇಲ್ಲದ ಕಾರಣ, ಅಲ್ಲಿ ಅಡಿಗೆ ನೋಡಿಕೊಳ್ಳುತ್ತಿದ್ದ ಆಯಮ್ಮ ಮಕ್ಕಳಿಗೆ ಓದಿ ತೋರಿಸಿದಳು. ಮುಂದಿನದನ್ನು ನಾನು ಅಕ್ಕನ ಬಾಯಿಂದ ಕೇಳಿದ್ದು.

ಹುಡುಗನಿಗೆ ತನ್ನ ಚಿತ್ರ ಬರುತ್ತದೆ ಅಂತ ಮೊದಲೇ ಗೊತ್ತಿತ್ತು, ಅವನು ಕಾಯುತ್ತಿದ್ದ. ಅಮ್ಮ ತಲೆ ಬಾಚುವ ಪುಟ ಬಂದಾಗ, ಇದು ನಾನು, ಇದು ನಮ್ಮಮ್ಮ ಅಂತ ಎದ್ದು ನಿಂತನಂತೆ. ಪುಟ ತಿರುಗಿಸಿದರೆ ಅದೇ ಮುಖ, ಬೋಳು ತಲೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಇನ್ನೊಂದು ಸಲ, ಇನ್ನೊಂದು ಸಲ ಅಂತ ಅದೇ ಪುಟವನ್ನು ಓದಿಸಿದರು. ಹುಡುಗನೂ ನಕ್ಕ. ಮಧ್ಯಾಹ್ನ ಆಯಮ್ಮ ಉಪ್ಪಿಟ್ಟಿಗೆ ನೀರಿಡಲು ಒಳಗೆ ಹೋದಾಗ ಮಕ್ಕಳು ಮುಡಿ ಆಟ ಆಡಿದರು. ಒಬ್ಬಳು ತಟ್ಟೆ ಹಿಡಿದಳು, ಒಬ್ಬ ಪೂಜಾರಿಯಾದ. ಹುಡುಗ ತಾನಾಗಿಯೇ ಬಟ್ಟೆ ಬಿಚ್ಚಿ ತಲೆ ಬಗ್ಗಿಸಿ ಕೂತ. ಬಣ್ಣದ ಕಾಗದ ಕತ್ತರಿಸುವ ಮೊಂಡು ಕತ್ತರಿ. ಆಯಮ್ಮ ಬಂದು ಕಿತ್ತುಕೊಳ್ಳುವಷ್ಟರಲ್ಲಿ ಎಡಗಿವಿಯ ಮೇಲಿನ ಒಂದು ಹಿಡಿ ಕೂದಲು ತಟ್ಟೆಯಲ್ಲಿತ್ತು.

ಆಯಮ್ಮ ಕೂದಲನ್ನು ಸೆರಗಿಗೆ ಕಟ್ಟಿಕೊಂಡು, ಹುಡುಗನನ್ನು ಎತ್ತಿಕೊಂಡು ಮನೆಗೆ ಓಡಿದಳು. ಬಾಲವಾಡಿಯಲ್ಲಿ ಏನಾಯಿತು ಅಂತ ಹೇಳಲು ಅವಳಿಗೆ ಭಾಷೆಯಿಲ್ಲ, ಹುಡುಗ ಬರೀ ಅಳುತ್ತಿದ್ದ. ಮಗನ ತಲೆ ನೋಡಿ ಅಪ್ಪ ಅಮ್ಮ ಏನೆಂದುಕೊಂಡರು ಅಂತ ಯೋಚನೆ ಮಾಡಿ. ಆ ತಿಂಗಳಲ್ಲಿ ಯಾರು ತಾನೇ ಅದನ್ನು ಮಕ್ಕಳ ಆಟ ಅಂದುಕೊಳ್ಳುತ್ತಾರೆ? ಸರ್ದಾರರು ಒಳಗಿನಿಂದ ಚಿಲಕ ಹಾಕಿ, ಬಾಗಿಲ ಹಿಂದೆ ಕಬ್ಬಿಣದ ಸರಳು ಹಿಡಿದು ಕೂತರಂತೆ. ಪಕ್ಕದ ಮನೆಯ ಮುಸಲ್ಮಾನರು ಬಂದು ಉರ್ದುವಿನಲ್ಲಿ ವಿಚಾರ ಬಿಡಿಸಿ ಹೇಳಿದ ಮೇಲೇ ಬಾಗಿಲು ತೆಗೆದದ್ದು. ಆಗ ಹುಡುಗ, "ಪುಸ್ತಕದಲ್ಲಿ ನಂದು ಹಂಗೇ ಅದೆ" ಅಂದ.

ಅಕ್ಕ ತರಬೇತಿ ಮುಗಿಸಿ ಶಿರಾಕ್ಕೆ ಹೋದವಳು ಅದೇ ದಿನ ಬಸ್ಸು ಹತ್ತಿ ಮಧುಗಿರಿಗೆ ಬಂದಳು. ನಾನು ಮೊಳೆ ಜೋಡಿಸುತ್ತಿದ್ದೆ. ಪುಸ್ತಕವನ್ನು ಮೊಳೆ ಪೆಟ್ಟಿಗೆಯ ಮೇಲೆ ತೆರೆದಿಟ್ಟಳು.

"ಇದ್ಯಾರ್ಲಾ ಮಾಡಿದ್ದು?"

"ಕಾರ್ಯದರ್ಶಿಯಮ್ಮ ಎಲ್ಲೋ ಬೆಂಗಳೂರಲ್ಲಿ ಮಾಡಿಸ್ಕೊಂಡು ಬಂದ್ರು ಕಣಕ್ಕ. ನಾನು ಅಚ್ಚಾಕಿದ್ದಷ್ಟೆ."

"ಮುಖ ನಂದು. ನಾ ಬರ್ದಿದ್ದು."

"ಅದುನ್ನ ನೋಡ್ಕೊಂಡು ಮಾಡವ್ರೆ."

"ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ?"

"ಹೊತ್ತೇ ಇರ್ಲಿಲ್ಲ."

ಕಾರ್ಯದರ್ಶಿಯಮ್ಮನ ಮನೆಗೆ ಈಗಲೇ ಹೋಗುತ್ತೇನೆ ಅಂತ ಹೊರಟಳು. ನಾನು ಅಡ್ಡ ನಿಂತೆ. ಕೆಲಸಕ್ಕೆ ಕುತ್ತು ಬರುತ್ತದೆ, ಜಗಳ ಆಮೇಲೆ ಆಡಬಹುದು, ಮೊದಲು ಪುಟ ಸರಿ ಮಾಡೋಣ ಅಂದೆ. ಹುಡುಗ ಬಾಲವಾಡಿ ಬಿಟ್ಟಿದ್ದ. ಅವನು ಮತ್ತೆ ಬರಬೇಕಾದರೆ ಪುಸ್ತಕದಲ್ಲಿ ಅವನ ಕೂದಲು ಇರಲೇಬೇಕಿತ್ತು. ಅದಕ್ಕಾಗಿ ಅಕ್ಕ ಸುಮ್ಮನಾದಳು.

ಅಪ್ಪನ ಜಾಗದ ಕಳಸವನ್ನು ಹಾಗೇ ಬಿಟ್ಟೆವು. ಕೊನೆಯ ಪುಟಕ್ಕೆ ಹೊಸ ತುಂಡು ಲಿನೋದ ಮೇಲೆ ಅಕ್ಕನ ಮೊದಲಿನ ಚಿತ್ರವನ್ನೇ ಮತ್ತೆ ಕೆತ್ತಿದೆ. ಮೊದಲನೆಯದರಷ್ಟು ಚೆನ್ನಾಗಿ ಬರಲಿಲ್ಲ. ಹೊಸ ಪುಟವನ್ನು ಬೇರೆ ಹಾಳೆಯಲ್ಲಿ ಮುದ್ರಿಸಿ, ಹಳೆಯದರ ಮೇಲೆ ಅಂಟಿಸುವುದು ಅಂತ ಗೊತ್ತು ಮಾಡಿಕೊಂಡೆ. ಪ್ರೆಸ್ಸಿನಲ್ಲಿ ಆಗ ಇದ್ದದ್ದು ಕರಪತ್ರದ ತೆಳು ಕಾಗದ. ಅದರಲ್ಲೇ ಹಾಕಿದೆ. ಮೈದಾ ಗಂಜಿ ಕಾಯಿಸಿ, ಹುಳ ಹಿಡಿಯದಿರಲಿ ಅಂತ ಮೈಲುತುತ್ತ ಬೆರೆಸಿ, ಡಬ್ಬಿಗೆ ತುಂಬಿಕೊಂಡು, ಯಜಮಾನರ ಹತ್ತಿರ ಜ್ವರ ಅಂತ ರಜ ಕೇಳಿ ಊರೂರು ತಿರುಗಿದೆ.

ಮೊದಲು ಕೊರಟಗೆರೆ ಕಡೆ. ತೋವಿನಕೆರೆಯಲ್ಲಿ ಟೀಚರು, "ಏನ್ ತಪ್ಪಾಗಿತ್ತು?" ಅಂತ ಕೇಳಿದಾಗ, "ಅಚ್ಚಿನ ತಪ್ಪು" ಅಂದೆ. ಕೊಳಾಲದಲ್ಲೂ ಅದನ್ನೇ ಹೇಳಿದೆ. ಹೇಳುತ್ತ ಹೇಳುತ್ತ ಆ ಮಾತು ನಾಲಿಗೆಗೆ ಸಲೀಸಾಯಿತು. ಅಚ್ಚಿನ ತಪ್ಪು ಅಂದರೆ ಯಾರ ತಪ್ಪೂ ಅಲ್ಲ, ಮೊಳೆಗಳ ತಪ್ಪು. ಕೆಲವು ಕಡೆ ಪುಸ್ತಕ ಕಪಾಟಿನಿಂದ ಈಚೆಗೇ ಬಂದಿರಲಿಲ್ಲ. ಕೆಲವು ಕಡೆ ಮಕ್ಕಳ ಮನೆಗೆ ಹೋಗಿತ್ತು, ಮನೆಮನೆಗೆ ಹೋಗಿ ಈಸಿಕೊಂಡೆ. ಒಂದು ಮನೆಯಲ್ಲಿ ಆ ಪುಟವನ್ನು ಹರಿದು ದೇವರ ಪಟಗಳ ಪಕ್ಕ ಗೋಡೆಗೆ ಹಚ್ಚಿದ್ದರು. ಕೇಳಲು ಬಾಯಿ ಬರದೆ ಬಿಟ್ಟು ಬಂದೆ.

ಪಾವಗಡದ ಕಡೆ ನಿಡುಗಲ್ಲಿನಲ್ಲಿ ಟೀಚರು ಪುಸ್ತಕ ಕೊಡಲು ಹಿಂದೆಮುಂದೆ ನೋಡಿದಳು. ತೆಲುಗು ಬೆರೆಸಿ ಮಾತಾಡುವವಳು. "ನಮ್ ಪಿಲ್ಲೋಳಿಗೆ ಇದೇ ಪುಟ ಬೇಕಂಡಿ. ಗುಂಡು ತಲೆ, ಗುಂಡು ತಲೆ ಅಂತ ನಗ್ತವೆ. ಯಾಕಂಡಿ ಮುಚ್ಚೋದು, ಇಷ್ಟು ಬಾಗಾ ಬರ್ದವ್ರೆ?" ಬಾಗಾ ಅಂದರೆ ಚೆನ್ನಾಗಿ; ಅಂಟಿಸುತ್ತಲೇ ಕೇಳಿಸಿಕೊಂಡೆ. ಇಷ್ಟೆಲ್ಲ ಆದ ಮೇಲೂ ಒಳಗೆ ಎಲ್ಲೋ ಹಿತವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಶಿರಾ ಹತ್ತಿರವಿದ್ದರೂ ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬಾಲವಾಡಿಯ ಪ್ರತಿಗಳಿಗೆ ಅಂಟಿಸಿದ ಮೇಲೆ, "ನಡಿ, ಅವ್ರ ಮನೇಗೆ ಒಂದು ಕೊಟ್ಟು ಬರಾನ" ಅಂದಳು ಅಕ್ಕ. ಮಧ್ಯಾಹ್ನ ಮೂರು ಗಂಟೆ ಇರಬೇಕು. ವರ್ಕ್‌ಷಾಪಿನಲ್ಲಿ ಸುತ್ತಿಗೆ ಸದ್ದು ಕೇಳುತ್ತಿತ್ತು. ಸರ್ದಾರರು ನಮ್ಮನ್ನು ನೋಡಿ ತಲೆಯೆತ್ತಿ, ಮನೆಯ ಕಡೆ ಕೈ ತೋರಿಸಿ, ಮತ್ತೆ ಕೆಲಸಕ್ಕೆ ಬಗ್ಗಿದರು.

ಹುಡುಗನ ಅಮ್ಮ ಕೂರಲು ಹೇಳಿ ಲೋಟದಲ್ಲಿ ಚಹಾ ಕೊಟ್ಟಳು. ಹುಡುಗ ಅವಳ ಹಿಂದೆ ನಿಂತಿದ್ದ. ಕಟ್ಟಿದ ಬಟ್ಟೆಯ ಕೆಳಗೆ ಎಡಗಿವಿಯ ಮೇಲೆ ಗಿಡ್ಡ ಕೂದಲು ಮುಳ್ಳಿನ ಹಾಗೆ ಎದ್ದಿತ್ತು. ಅಕ್ಕ ಪುಸ್ತಕವನ್ನು ಅವನ ಕೈಗೆ ಕೊಟ್ಟು, "ಈಗ ನೋಡಪ್ಪ, ಸರಿ ಮಾಡಿಸ್ಕೊಂಡು ಬಂದಿದ್ದೀನಿ" ಅಂದಳು. ಅವನು ಕೊನೆಯ ಪುಟ ತೆಗೆದು ನೋಡಿದ. ಮಕ್ಕಳ ನಡುವೆ ತಾನು, ತಲೆ ಮೇಲೆ ಗಂಟು. ನಗಲಿಲ್ಲ. ಪುಟ ಗಂಜಿಯಿಂದ ಬಿರುಸಾಗಿತ್ತು, ಬೆರಳಲ್ಲಿ ತಟ್ಟಿ ನೋಡಿದ. ಆಮೇಲೆ ಪುಸ್ತಕವನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ, ಆ ಒಂದು ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿದ.

"ಟೀಚರ್, ಒಳಗಡೆ ಅವನು ಇನ್ನೂ ಅವ್ನೆ."

ತೆಳು ಕಾಗದ. ಬೆಳಕಿಗೆ ಹಿಡಿದರೆ ಗಂಟಿನ ಒಳಗಿಂದ ಗಂಧ ಬಳಿದ ಬೋಳು ತಲೆ ಚೆನ್ನಾಗಿಯೇ ಕಾಣುತ್ತಿತ್ತು. ಅವರಮ್ಮ ಹತ್ತಿರ ಹೋಗಿ ನೋಡಿದಳು. ಅಕ್ಕನ ಕಡೆ ತಿರುಗಿ ಏನೋ ಕೇಳಿದಳು. ಯಾರು ಮಾಡಿದ್ದು ಅಂತ ಇರಬೇಕು. ಅಕ್ಕ ತನಗೆ ಬರುವ ಉರ್ದುವಿನಲ್ಲಿ, ಬೆಂಗಳೂರಲ್ಲಿ ಯಾರೋ, ನಮಗೆ ಗೊತ್ತಿಲ್ಲದವರು, ಅಂತ ಶುರು ಮಾಡಿದಳು. ನನ್ನ ಸುಳ್ಳನ್ನು ಅವಳು ನಂಬಿಕೆಯಿಂದ, ಕೈ ಮುಗಿಯುತ್ತ, ಆ ತಾಯಿಗೆ ಹೇಳುತ್ತಿದ್ದಳು.

"ಅಲ್ಲ ಕಣಕ್ಕ. ನಾನೇ. ಬೆಂಗಳೂರಲ್ಲಿ ಯಾರೂ ಮಾಡ್ಲಿಲ್ಲ. ಕಾರ್ಯದರ್ಶಿಯಮ್ಮ ನಿನ್ನ ಕೇಳು ಅಂದಿದ್ರು. ನಾ ಕೇಳ್ಲೇ ಇಲ್ಲ. ಕೇಳ್ದೆ ಅಂದ್ಬುಟ್ಟೆ."

ಅಕ್ಕ ನನ್ನನ್ನು ನೋಡಿದಳು. ಆ ತಾಯಿಗೆ ಅವಳು ತಿಳಿಸಿ ಹೇಳಲಿಲ್ಲ. ಹೇಳಿದವನು ಹುಡುಗ. ನನ್ನ ಕಡೆ ಬೆರಳು ತೋರಿಸಿ ತನ್ನ ಭಾಷೆಯಲ್ಲಿ ನಾಲ್ಕು ಮಾತು ಹೇಳಿದ. ಅವಳು ಕೇಳಿದ್ದನ್ನು ಮತ್ತೆ ನನಗೆ ಕನ್ನಡದಲ್ಲಿ ದಾಟಿಸಿದ.

"ಯಾಕೆ ಅಂತೆ."

ಹೆದರಿಕೆಯಾಗಿತ್ತು ಅನ್ನಬಹುದಿತ್ತು. ಆಕೆಗೆ ಅದು ಅರ್ಥವಾಗುತ್ತಿತ್ತು. ಆದರೆ ಮಗು ಕಾಯುತ್ತ ನಿಂತಿತ್ತು.

"ಚೆನ್ನಾಗಿ ಬರ್ತದೆ ಅನ್ನಿಸ್ತು. ಎಲ್ರೂ ನಗ್ತಾರೆ ಅನ್ನಿಸ್ತು. ಅದುಕ್ಕೆ."

ಹುಡುಗ ಅದನ್ನೂ ಅವಳಿಗೆ ಹೇಳಿದ. ಅವನು ಯಾವ ಮಾತು ಬಳಸಿದನೋ ಗೊತ್ತಿಲ್ಲ. ಅವನಮ್ಮ ಮಣೆಯ ಮೇಲೆ ಕೂತು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು. ಕೊನೆಯ ಹಾಳೆಯನ್ನು ಹೊಲಿಗೆಯ ಹತ್ತಿರ ಉಗುರಿನಿಂದ ಗೀರಿ, ಉಳಿದ ಪುಟಕ್ಕೆ ನೋವಾಗದ ಹಾಗೆ ನಿಧಾನವಾಗಿ ಬಿಡಿಸಿದಳು. ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ಪುಸ್ತಕವನ್ನು ಇಟ್ಟುಕೊಂಡಳು. ಈಗ ಅದು ಅಮ್ಮ ತಲೆ ಬಾಚುವ ಪುಟಕ್ಕೆ ಮುಗಿಯುತ್ತಿತ್ತು. ನಾನು ಚಹಾ ಮುಗಿಸಿರಲಿಲ್ಲ. ಲೋಟ ಕೆಳಗಿಟ್ಟು ಎದ್ದೆ.

ಬಸ್ ಸ್ಟ್ಯಾಂಡಿನವರೆಗೂ ಅಕ್ಕ ಮುಂದೆ ಮುಂದೆ ನಡೆದಳು. ಬಡವನಹಳ್ಳಿ ದಾರಿಯ ಮಧುಗಿರಿ ಬಸ್ಸು ನಿಂತಿತ್ತು. ನಾನು ಹತ್ತುವ ಮೊದಲು ಬೈದಾದರೂ ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಎಲ್ಲಾ ಊರಿಗೂ ಇನ್ನೊಂದು ಸಲ ಹೋಗಿ ಆ ಹಾಳೆ ಕಿತ್ತು ಹಾಕಿ" ಅಂದಳು. "ಯಾರು ಮಾಡಿದ್ದು ಅಂತ ಕೇಳಿದ್ರೆ ನೀವೇ ಹೇಳಿ. ಈಗ ಹೊರಡಿ, ನಿಮ್ ಬಸ್ಸು ಬಿಡ್ತದೆ."

ಹುಟ್ಟಿದಾಗಿನಿಂದ ಅವಳು ನನಗೆ ಲೇ ಅಂದವಳು, ಬಾರ್ಲಾ ಹೋಗ್ಲಾ ಅಂದವಳು. ನಾನು ಎಲ್ಲಾ ಊರಿಗೂ ಹೋದೆ, ಹಾಳೆ ಕಿತ್ತೆ, ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಹುಡುಗ ಸಂಕ್ರಾಂತಿ ಕಳೆದ ಮೇಲೆ ಬಾಲವಾಡಿಗೆ ಬರತೊಡಗಿದ ಅಂತ ಆಯಮ್ಮನಿಂದ ಕೇಳಿದೆ. ಅಕ್ಕ ಹಬ್ಬಕ್ಕೆ ಬರುತ್ತಾಳೆ, ನನ್ನ ಮಕ್ಕಳನ್ನು ಎತ್ತಿ ಆಡಿಸಿದ್ದಾಳೆ, ನನಗೆ ಕಾಯಿಲೆಯಾದಾಗ ಬಂದು ಗಂಜಿ ಕಾಸಿ ಕೊಟ್ಟಿದ್ದಾಳೆ. ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, "ಚೆನ್ನಾಗಿದ್ದೀರಾ?" ಅಂತ ಕೇಳುತ್ತಾಳೆ.